ಆಟದ ಮಷೀನು ತಂದರಷ್ಟೇ ಬರುತ್ತಾಳಂತೆ

ಮಸ್ಕಿ
೧೩ ಜುಲೈ ೧೯೯೮, ಸೋಮವಾರ

ಶಂಶಾದ್,

ನಿನಗೂ ಮನೆಯವರಿಗೂ ಸಲಾಮು. ಮೊದಲು ಕ್ಷೇಮ ಕೇಳಿ ಆಮೇಲೆ ವಿಷಯಕ್ಕೆ ಬರುವ ತಾಳ್ಮೆ ನಿನ್ನ ಪತ್ರದಲ್ಲಿ ಇರಲಿಲ್ಲ, ಇದರಲ್ಲೂ ಇಲ್ಲ. ಎರಡು ವರ್ಷ ಒಂದು ಸಾಲೂ ಬರೆಯದವಳು ಒಮ್ಮೆಲೇ ಮೂರು ಪುಟ ಬೈದಿದ್ದೀಯಲ್ಲ, ಓದಿ ಮೊದಲು ನಗು ಬಂತು. ಬೈಯುವಾಗಲೂ ನಿನ್ನ ಅಕ್ಷರ ಎಷ್ಟು ದುಂಡಗೆ!

ನಿಮ್ಮ ಲಿಂಗಸುಗೂರಿನ ಸಂತೆಯಲ್ಲಿ ನಿನಗೆ ಯಾರೋ ಹೇಳಿದರಂತೆ, "ಸಿಂಧನೂರು ಯಂಕೋಬನ ಹೆಂಡ್ತಿ ಟಿವಿ ಆಟದ ಮಷೀನು ಬೇಕಂತ ಹಟ ಮಾಡಿ ತವರಮನಿಗೆ ಹೋಗಿ ಕುಂತಾಳ. ಅದು ತಂದ್ರಷ್ಟ ಬರ್ತಾಳಂತ" ಎಂದು. ಕಂಪ್ಯೂಟರಿಗಾಗಿ ಊಟ ಬಿಟ್ಟಿದ್ದ ಗ್ಯಾನಿ ನೀನೇ ಹೌದೋ ಅಲ್ಲವೋ ಎಂದು ಕೇಳಿದ್ದೀ. ಸುದ್ದಿ ಸುಳ್ಳಲ್ಲ, ಶಂಶಾದ್. ಆಟದ ಮಷೀನು ತರಲು ಹೇಳಿದವಳು ನಾನೇ. ಅವ್ವನಿಗೆ ಈಗಷ್ಟೇ ನಿದ್ದೆ ಹತ್ತಿದೆ. ಅವಳು ಏಳುವುದರೊಳಗೆ ಎಲ್ಲವನ್ನೂ ಬರೆಯುತ್ತೇನೆ.

ನಾವಿಬ್ಬರೂ ಕಲಿಯುತ್ತಿದ್ದ ಕಂಪ್ಯೂಟರ್ ತರಗತಿ ಮುಚ್ಚಿದಾಗ ನಮ್ಮಣ್ಣ ಗದ್ದೆಪ್ಪ ಅಲ್ಲಿಂದ ಎತ್ತಿಸಿ ತಂದುಕೊಟ್ಟ ಕಂಪ್ಯೂಟರ್ ನಿನಗೆ ಗೊತ್ತೇ ಇದೆ. ಮದುವೆಯಲ್ಲಿ ಮಂಚ, ಬೀರು, ಹಂಡೆಗಳ ಜೊತೆ ಅದೂ ಟ್ರ್ಯಾಕ್ಟರಿನಲ್ಲಿ ಗಾದಿಯ ಮೇಲೆ ಮಲಗಿಕೊಂಡು ಹೋಯಿತು. ಹೋದದ್ದು ಸಿಂಧನೂರಿಗಲ್ಲ, ಗಂಡನ ಹಳ್ಳಿ ವಳಕಮದಿನ್ನಿಗೆ. ಇವರ ಅಂಗಡಿ ಸಿಂಧನೂರು ಬಸ್ ಸ್ಟ್ಯಾಂಡಿನ ಎದುರು. ಮುಂದೆ ಗಾಜಿನ ಗೂಡಿನಲ್ಲಿ ಎಸ್.ಟಿ.ಡಿ. ಫೋನು, ಹಿಂದಿನ ಕೋಣೆಯಲ್ಲಿ ಟಿವಿಗೆ ಜೋಡಿಸಿದ ಹಳೆಯ ವಿಡಿಯೋ ಗೇಮು. ಇವರು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ನಾನು ಅತ್ತೆ ತಿಮ್ಮವ್ವನ ಕೈಕೆಳಗೆ, ಗದ್ದೆಗೆ ಹೋಗುವವರಿಗೆಲ್ಲ ರೊಟ್ಟಿ ಬಡಿಯುತ್ತಾ, ಒಲೆಯ ಮುಂದೆ. ಕಂಪ್ಯೂಟರ್ ಭತ್ತದ ಚೀಲಗಳ ಪಕ್ಕದಲ್ಲಿ, ಗೋಣಿತಾಟು ಹೊದ್ದುಕೊಂಡು. ಅತ್ತೆ ಕೆಟ್ಟವಳೇನಲ್ಲ. ಸೊಸೆ ಎಂದರೆ ಹಿಟ್ಟು, ನೀರು, ಬೆಂಕಿ ಎಂದು ತಿಳಿದವಳು. ತಾನೂ ಹಾಗೆಯೇ ಬಾಳಿದವಳು.

ಒಮ್ಮೆ ಇವರು ಆ ಕಂಪ್ಯೂಟರನ್ನು ಅಂಗಡಿಗೆ ಒಯ್ದರು, ಅದರಲ್ಲಿ ಆಟ ಹಾಕಬಹುದೆಂದು ಯಾರೋ ಹೇಳಿದ್ದರಂತೆ. ಶುರುಮಾಡಲು ಬರಲಿಲ್ಲ. ಕಪ್ಪು ಪರದೆಯ ಮೇಲೆ ಮಿಣುಕುವ ಗೆರೆ ನೋಡಿ ನೋಡಿ ಸಾಕಾಗಿ ನನ್ನನ್ನು ಕರೆಸಿದರು. ಒಂದು ದಿನಕ್ಕೆಂದು ಹೋದವಳು ಅಲ್ಲೇ ಉಳಿದೆ. ಅಂಗಡಿಯ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಮಾಡಿದರು. ಕಂಪ್ಯೂಟರಿಗೆ ನಾನು ಬೇಕಾಗಿದ್ದೆ, ಅದಕ್ಕೇ ನನಗೆ ಸಿಂಧನೂರು ಸಿಕ್ಕಿತು.

ಆ ಒಂದು ವರ್ಷದ ಬಗ್ಗೆ ನಿನಗೆ ಬರೆಯಬೇಕಿತ್ತು, ಸುಖದಲ್ಲಿದ್ದಾಗ ಪತ್ರ ಬರೆಯುವುದು ಮರೆತುಹೋಗುತ್ತದೆ ನೋಡು. ಬೆಳಿಗ್ಗೆ ಮತ್ತು ಸಂಜೆ ಹುಡುಗರ ಆಟ. ಶಾಲೆಯ ಹೊತ್ತಿನಲ್ಲಿ ಮಷೀನು ನನ್ನದು. ಯಾರದ್ದೋ ಅರ್ಜಿ, ಯಾರದ್ದೋ ಬಾಂಡು ಟೈಪು ಮಾಡುತ್ತಿದ್ದೆ. ಪಕ್ಕದ ಓಣಿಯ ಹಸೀನಾಬೀ, ಹತ್ತನೆಯ ತರಗತಿಯಲ್ಲಿ ನಪಾಸಾಗಿ ಮನೆಯಲ್ಲಿ ಕೂತುಬಿಟ್ಟ ಜಂಬಮ್ಮ, ಇಬ್ಬರೂ ಕಲಿಯಲು ಬರತೊಡಗಿದರು. ಜಂಬಮ್ಮ ತನ್ನ ಹೆಸರನ್ನು ಟೈಪು ಮಾಡಿ, ಅಳಿಸಿ, ಮತ್ತೆ ಟೈಪು ಮಾಡಿ, "ಅಕ್ಕಾ, ಅಳಿಸಿದ್ರ ಕಲೆನೂ ಉಳಿಯಂಗಿಲ್ಲಲ್ಲ!" ಎಂದು ಆಶ್ಚರ್ಯಪಡುತ್ತಿದ್ದಳು. ನೀನು ಮೊದಲ ದಿನ ಕೀಲಿಮಣೆ ಮುಟ್ಟಲು ಹೆದರಿದ್ದು ನೆನಪಾಗಿ ನಗುತ್ತಿದ್ದೆ.

ಕಳೆದ ದೀಪಾವಳಿಯ ಹೊತ್ತಿಗೆ ಪೇಟೆಯಲ್ಲಿ ಇನ್ನೊಬ್ಬರು ಹೊಸ ಆಟದ ಮಷೀನು ತಂದರು. ಟಿವಿಗೆ ಜೋಡಿಸುವುದು, ಸಿ.ಡಿ. ಹಾಕಿದರೆ ಸಾಕು, ಮನುಷ್ಯರು ನಿಜವಾಗಿ ಓಡಿದಂತೆ, ಕಾರು ನಿಜವಾಗಿ ಹಾರಿದಂತೆ ಕಾಣುತ್ತದೆ. ನಮ್ಮ ಹುಡುಗರೆಲ್ಲ ಅತ್ತ ಹೋದರು. ನಮ್ಮ ಕಂಪ್ಯೂಟರು ಮುದುಕ, ಹೊಸ ಆಟ ಹಾಕಿದರೆ ಉಸಿರು ಕಟ್ಟಿ ನಿಲ್ಲುತ್ತಿತ್ತು. ಇವರು ಒಂದು ಮಧ್ಯಾಹ್ನ ಖಾಲಿ ಕೋಣೆಯಲ್ಲಿ ನನ್ನೆದುರು ಕುಳಿತರು.

"ನೀನ ಹೇಳು ಗ್ಯಾನಿ. ಆ ಹೊಸಾ ಮಷೀನ ತರೋದೋ, ಇದರ ಹೊಟ್ಟ್ಯಾಗಿಂದೆಲ್ಲ ತಗದು ಹೊಸಾದು ಹಾಕಿಸೋದೋ? ಎರಡೂ ಆಗಂಗಿಲ್ಲ. ನಿನಗ ತಿಳಿದಷ್ಟು ನನಗ ತಿಳಿಯಂಗಿಲ್ಲ."

ಮದುವೆಯಾದ ಮೇಲೆ ನನ್ನನ್ನು ಯಾರಾದರೂ ಹೀಗೆ ಕೇಳಿದ್ದು ಅದೇ ಮೊದಲು.

"ಆ ಮಷೀನಿನ್ಯಾಗ ಆಟ ಬಿಟ್ರ ಬ್ಯಾರೆ ಏನೂ ಬರಂಗಿಲ್ರಿ," ಎಂದೆ. "ಇದನ್ನ ಸುಧಾರಿಸಿದ್ರ ಅಂಥಾ ಆಟಾನೂ ಆಡಬೌದು, ಅರ್ಜಿನೂ ಬರೀಬೌದು, ನಾಕು ಮಂದಿಗೆ ಕಲಸಾಕೂ ಬರ್ತೈತಿ."

"ಹುಡುಗ್ರು ಕೈಯಾಗ ಹಿಡಕೊಂಡು ಆಡಾಕ ಕೇಳ್ತಾರ."

"ಇದಕ್ಕೂ ಹ್ಯಾಂಡಲ್ ಸಿಗತಾವ್ರಿ."

ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಹೇಳದೆ ಉಳಿಸಿಕೊಂಡದ್ದೂ ಇತ್ತು. ಆಟದ ಮಷೀನಿಗೆ ಸಿ.ಡಿ. ಹಾಕಿ ಗುಂಡಿ ಒತ್ತಲು ನಾನು ಬೇಕಿಲ್ಲ. ಅದು ಬಂದ ದಿನ ನಾನು ವಳಕಮದಿನ್ನಿಯ ಒಲೆಗೆ ವಾಪಸ್ಸು. ಅತ್ತೆ ಆಗಲೇ ಹೇಳಿಕಳಿಸಿದ್ದಳು, "ಅಂಗಡ್ಯಾಗ ಕೆಲಸಿಲ್ಲಂದ್ರ ಸೊಸಿ ಮನಿಗೆ ಬರ್ಲಿ" ಎಂದು. ಇವರು ಬಹಳ ಹೊತ್ತು ಗಲ್ಲ ಕೆರೆದುಕೊಂಡು, "ಆತು, ನಿನ್ನ ಮಾತ ಆಗ್ಲಿ" ಎಂದರು.

ಬೇಕಾದ ಸಾಮಾನು ತರಲು ಇಬ್ಬರೂ ಹೈದರಾಬಾದಿಗೆ ಹೋದೆವು. ಅಂಗಡಿಯವನು ಇವರ ಮುಖ ನೋಡಿ ಕೇಳುತ್ತಿದ್ದ, ಉತ್ತರ ನನ್ನ ಬಾಯಿಂದ ಹೋಗುತ್ತಿತ್ತು. ಮದರ್‌ಬೋರ್ಡು, ಮೆಮೊರಿ, ಸಿ.ಡಿ. ಡ್ರೈವು, ಸೌಂಡ್ ಕಾರ್ಡು, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದೆ. ಕೊನೆಗೆ ಅವನು ಇವರನ್ನು ಬಿಟ್ಟು ನನ್ನನ್ನೇ ಕೇಳತೊಡಗಿದ. ಇವರಿಗೆ ಸಿಟ್ಟು ಬರಲಿಲ್ಲ ಶಂಶಾದ್, ಹೆಮ್ಮೆಯೇ ಆಯಿತು. ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ, "ನಮ್ಮ ಮನ್ಯಾಗ ಇಂಜಿನಿಯರ್ ಅದಾಳ ಅಂತ ಗೊತ್ತಿರಲಿಲ್ಲ ನೋಡು" ಎಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಮದರ್‌ಬೋರ್ಡಿನ ಡಬ್ಬಿ ನನ್ನ ತೊಡೆಯ ಮೇಲಿತ್ತು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಇವರ ಕೈ ಬಂದು ಡಬ್ಬಿಯನ್ನು ಹಿಡಿಯುತ್ತಿತ್ತು, ಮತ್ತೆ ಹಾಗೇ ನನ್ನ ಕೈ ಮೇಲೆ ಉಳಿಯುತ್ತಿತ್ತು. ಆ ದಿನದ ಮೇಲೆ ನನಗೆ ಈಗಲೂ ಸಿಟ್ಟಿಲ್ಲ.

ಎಲ್ಲವನ್ನೂ ನಾನೇ ಜೋಡಿಸಿದೆ. ಮಷೀನು ಗುಡುಗಿದಂತೆ ಎದ್ದಿತು. ಕಾರಿನ ಆಟ ಹಾಕಿದರೆ ಬ್ರೇಕು ಹಾಕಿದ ಸದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿ, ನಿಜವಾದ ಡ್ರೈವರುಗಳು ತಿರುಗಿ ನೋಡುತ್ತಿದ್ದರು. ಹೋದ ಹುಡುಗರೆಲ್ಲ ಮರಳಿ ಬಂದರು. ಆಂಧ್ರದವರು ಬಂದು ನೆಲೆಸಿದ ಕ್ಯಾಂಪುಗಳಿಂದ ತೆಲುಗಿನ ಹುಡುಗರು ಮೋಟಾರ್ ಸೈಕಲ್ ಮೇಲೆ ಬಂದರು. ಮೀಸೆ ಬಂದವರೂ ಬಂದರು, ಅವರಿಗೆ ಶಾಲೆಯ ಹೊತ್ತು ಎಂಬುದು ಇಲ್ಲವಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಕತ್ತಲಾಗುವವರೆಗೆ ಕೋಣೆ ತುಂಬಿರುತ್ತಿತ್ತು.

ಹಸೀನಾಬೀ ಮತ್ತು ಜಂಬಮ್ಮನಿಗೆ ಜಾಗವಿಲ್ಲದಾಯಿತು. ಇವರನ್ನು ಕೇಳಿದೆ. "ಸ್ವಲ್ಪ ದಿನ ತಡಿ, ಈಗ ಗಿರಾಕಿ ಎಬ್ಬಿಸಾಕ ಬರ್ತೈತೇನು?" ಎಂದರು. ಜಂಬಮ್ಮ ಒಮ್ಮೆ ಬಂದು ಗಂಡಸರ ಚಪ್ಪಲಿಗಳ ರಾಶಿ ನೋಡಿ ಹೊಸ್ತಿಲಿನಿಂದಲೇ ಹಿಂದಕ್ಕೆ ಹೋದಳು. ಹಸೀನಾಬೀ ಸ್ವಲ್ಪ ದಿನ ಬಂದು ನಿಂತು ಹೋಗುತ್ತಿದ್ದಳು, ಆಮೇಲೆ ಅವಳೂ ಇಲ್ಲ.

ಅಷ್ಟು ಗಂಡಸರ ನಡುವೆ ಹೆಂಡತಿ ಕೂರಬಾರದೆಂದು ಇವರು ಮೂಲೆಯಲ್ಲಿ ಪ್ಲೈವುಡ್ ಹಲಗೆ ನಿಲ್ಲಿಸಿ ಪರದೆ ಕಟ್ಟಿಸಿದರು. ಅದರ ಹಿಂದೆ ಒಂದು ಸ್ಟೂಲು. ಅಲ್ಲಿ ಒಂದು ಕಿಟಕಿ ಇತ್ತು, ಬೆಳಕು ಕಂಪ್ಯೂಟರಿನ ಗಾಜಿನ ಮೇಲೆ ಬಿದ್ದು ಆಟ ಕಾಣುವುದಿಲ್ಲವೆಂದು ಅದಕ್ಕೆ ರಟ್ಟು ಹೊಡೆಸಿದರು. ರಟ್ಟು ಹೊಡೆಸಲು ಹೇಳಿದವಳು ನಾನೇ. ಮಷೀನಿಗೆ ಏನು ಬೇಕು ಎಂದಷ್ಟೇ ನೋಡುತ್ತಿದ್ದೆ ಆಗ.

"ಅಕ್ಕಾ, ಹ್ಯಾಂಗ್ ಆತು!" ಇದೇ ದಿನವೆಲ್ಲ. ಕ್ಯಾಂಪಿನ ಹುಡುಗರಾದರೆ "ಅಕ್ಕಾ, ಹ್ಯಾಂಗ್ ಅಯಿಂದಿ!" ಆಟ ನಿಂತುಹೋದರೆ ಎದ್ದು ಹೋಗಿ ಸರಿಮಾಡಬೇಕು, ಮತ್ತೆ ಬಂದು ಪರದೆಯ ಹಿಂದೆ ಕೂರಬೇಕು. ರೈಸ್ ಮಿಲ್ಲುಗಳ ಧೂಳು ಡ್ರೈವಿಗೆ ಹೋಗಿ ಸಿ.ಡಿ. ಓದುವುದಿಲ್ಲ, ಯಾರೋ ತಂದ ಫ್ಲಾಪಿಯಿಂದ ವೈರಸ್ಸು ಬರುತ್ತದೆ, ಸಿಟ್ಟಿನಲ್ಲಿ ಯಾರೋ ಕೀಲಿಮಣೆ ಗುದ್ದುತ್ತಾರೆ. ಊಟದ ಡಬ್ಬಿ ಬಿಚ್ಚಿದರೆ ಒಂದು ತುತ್ತಿಗೊಮ್ಮೆ ಏಳಬೇಕು. ನಿನಗೆ ಬರೆಯಬಹುದು, ಬೇರೆ ಯಾರಿಗೂ ಬರೆಯಲಾರೆ: ಅಂಗಡಿಗೆ ಪಾಯಖಾನೆ ಇಲ್ಲ, ನಮ್ಮ ಬಾಡಿಗೆ ಮನೆಗೂ ಇಲ್ಲ. ಹಿಂದಿನ ಓಣಿಯ ಮಕ್ತುಂಬೀ ಮನೆಗೆ ಹೋಗಬೇಕು, ಅದಕ್ಕೆ ಅಷ್ಟೂ ಗಂಡಸರ ನಡುವೆ ಹಾದು, ಗಾಜಿನ ಗೂಡಿನ ಮುಂದೆ ಸರದಿಯಲ್ಲಿ ನಿಂತವರನ್ನು ಸರಿಸಿ ಹೋಗಬೇಕು. ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಬೇಸಿಗೆಯಲ್ಲಿ, ಸಿಂಧನೂರಿನ ಬೇಸಿಗೆಯಲ್ಲಿ. ಮಕ್ತುಂಬೀ ಒಮ್ಮೆ ನನ್ನ ತುಟಿ ನೋಡಿ, "ಏ ಬೇಟಾ, ರೋಜಾ ಉಪಾಸ ಮಾಡಾಕತ್ತೀಯೇನು?" ಎಂದಳು.

"ನೀವೂ ಸ್ವಲ್ಪ ಕಲೀರಿ," ಎಂದು ಇವರಿಗೆ ಹೇಳಿದೆ. "ನಾ ಇಲ್ಲದಾಗ ಬೇಕಾಗ್ತೈತಿ."

"ನಾ ಯಾಕ ಕಲೀಲಿ? ನೀ ಅದೀಯಲ್ಲ," ಎಂದರು. ಅದನ್ನು ಪ್ರೀತಿಯಿಂದಲೇ ಹೇಳಿದರು. ಹೊಡೆಯುವ ಗಂಡನ ಬಗ್ಗೆ ದೂರು ಹೇಳಲು ಹೆಂಗಸರಿಗೆ ಮಾತುಗಳಿವೆ. ನನ್ನ ಗಂಡ ಸಂಜೆ ಮಲ್ಲಿಗೆ ತಂದು ಪರದೆ ಸರಿಸಿ ಕೊಟ್ಟು, ಪರದೆಯನ್ನು ಮತ್ತೆ ಸರಿಯಾಗಿ ಎಳೆದು ಹೋಗುವವರು. ಯಾರಿಗೆ ಏನೆಂದು ಹೇಳಲಿ?

ಜೂನಿನಲ್ಲಿ ಅವ್ವ ನಲ್ಲಿಯ ಹತ್ತಿರ ಜಾರಿ ಬಿದ್ದಳು. ಸೊಂಟದ ಎಲುಬು. ಗದ್ದೆಪ್ಪಣ್ಣ ಫೋನು ಮಾಡಿದ್ದು ನಮ್ಮ ಅಂಗಡಿಗೇ. ನಾನು ಪರದೆಯ ಹಿಂದೆ ಕುಳಿತೇ ಇವರ ಮಾತು ಕೇಳಿದೆ. "ಅಯ್ಯಯ್ಯ, ಯಾವಾಗ? ಬರ್ತಾಳ, ಬರ್ತಾಳ. ಭಾನುವಾರ ಕಳಸ್ತೀನಿ." ಭಾನುವಾರ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ಮುಂದಿನ ವಾರ ಹೋಗೀಯಂತ, ನಿಮ್ಮತ್ತಿಗಿ ನೋಡ್ಕೊಳ್ಳಾಕತ್ತಾಳಲ್ಲ," ಎಂದರು. ಮುಂದಿನ ವಾರವೂ ಹಾಗೆಯೇ ಹೋಯಿತು. ಸಿಂಧನೂರಿನಿಂದ ಮಸ್ಕಿಗೆ ಒಂದು ತಾಸಿನ ದಾರಿ, ನಿನಗೇ ಗೊತ್ತು. ಪರದೆಯ ಹಿಂದೆ ಕುಳಿತರೆ "ಮಸ್ಕಿ, ಮಸ್ಕಿ, ಲಿಂಗಸುಗೂರು" ಎಂದು ಕೂಗುವುದು ಕಿವಿಗೆ ಬೀಳುತ್ತಿತ್ತು.

ಆಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ದೊಡ್ಡ ಕಂಬಕ್ಕೇ ಏನೋ ಆಗಿದೆ, ಬೇಗ ಬರುವುದಿಲ್ಲ ಎಂದರು. ಹುಡುಗರು ಗೊಣಗುತ್ತಾ ಎದ್ದು ಹೋದರು. ಕಿಟಕಿಗೆ ರಟ್ಟು ಇದ್ದದ್ದರಿಂದ ಹಾಡಹಗಲೇ ಕೋಣೆ ಕಪ್ಪಾಯಿತು, ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಅಷ್ಟು ತಿಂಗಳ ಮೇಲೆ ಮೊದಲ ಸಲ ಅಲ್ಲಿ ಸದ್ದಿರಲಿಲ್ಲ. ನಾನು ಎದ್ದೆ. ಗೋಡೆ ಹಿಡಿದು ಹೊರಗೆ ಬಂದೆ. ಇವರು ಗಿರಾಕಿಗೆ ನಂಬರು ಹಚ್ಚುತ್ತಿದ್ದರು.

"ಮಸ್ಕಿಗೆ ಹೋಗ್ತೀನ್ರಿ. ಅವ್ವನ ನೋಡಾಕ."

ಇವರು ರಿಸೀವರ್ ಹಿಡಿದೇ ತಿರುಗಿ ನೋಡಿದರು.

"ಕರೆಂಟು ಬಂದ್ರ?"

ಶಂಶಾದ್, ಅವರು ಅದನ್ನು ಬೇಕೆಂದು ಹೇಳಲಿಲ್ಲ. ಬಾಯಿಗೆ ಮೊದಲು ಬಂದದ್ದು ಅದು. ನಾನು ರಸ್ತೆ ದಾಟಿ, ಹೊರಟಿದ್ದ ಬಸ್ಸು ಹತ್ತಿದೆ.

ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮುಟ್ಟಿದೆ. "ಬಂದ್ಯಾ ನನ್ನವ್ವಾ," ಎಂದಳು, ಮರುಕ್ಷಣವೇ, "ಅಂಗಡಿ ಯಾರು ನೋಡ್ತಾರ?" ಎಂದಳು. ನಾನು ಅವಳ ಸೆರಗಿನಲ್ಲಿ ಮುಖ ಇಟ್ಟು ಅತ್ತೆ.

ಸ್ವಲ್ಪ ದಿನ ಕಳೆದ ಮೇಲೆ ಇಲ್ಲಿಯ ಬೂತಿನಿಂದ ಇವರಿಗೆ ಫೋನು ಮಾಡಿದೆ. ಅಂಗಡಿಯ ಮಷೀನು ಕೆಟ್ಟು ಕುಳಿತಿತ್ತು, ಹುಡುಗರು ಮತ್ತೆ ಆಚೆಗೆ ಹೋಗಿದ್ದರು. ಯಾವಾಗ ಬರ್ತೀ, ಯಾವಾಗ ಬರ್ತೀ ಎನ್ನುವುದೊಂದೇ. ನಾನು ಹೇಳಿದೆ, "ಆ ಕಂಪ್ಯೂಟರ್ ಮುಂದ ನಾ ಇನ್ನ ಕುಂದ್ರಂಗಿಲ್ರಿ. ನೀವು ಆ ಆಟದ ಮಷೀನು ತರ್ರಿ. ಅದಕ್ಕ ನಾ ಬೇಕಾಗಂಗಿಲ್ಲ." ಲೈನಿನಲ್ಲಿ ಗೊರಗೊರ. ಇವರಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಗಂಟಲು ಹರಿಯುವಂತೆ ಕೂಗಿದರು, "ಏನು? ಆಟದ ಮಷೀನು ತಂದ್ರಷ್ಟ ಬರ್ತೀಯಾ?" ಅಲ್ಲಿ ಸರದಿಯಲ್ಲಿ ನಿಂತವರು ನಕ್ಕದ್ದು ನನಗೆ ಇಲ್ಲಿಗೆ ಕೇಳಿಸಿತು. ನಿಮ್ಮ ಸಂತೆಗೆ ಬಂದ ಸುದ್ದಿ ಅಲ್ಲಿಂದ ಹೊರಟದ್ದು.

ನಿನ್ನೆ ಭಾನುವಾರ ಅಂಗಡಿ ಮುಚ್ಚಿ ಇವರೇ ಬಂದಿದ್ದರು. ಅವ್ವನಿಗೆ ಮೋಸಂಬಿ ತಂದಿದ್ದರು. ಅವಳ ಕಾಲ ಬಳಿ ಕುಳಿತು ತಾವೇ ಸುಲಿದು ತೊಳೆ ತೊಳೆ ತಿನ್ನಿಸಿದರು. ಮುಖ ಇಳಿದಿತ್ತು. ಗದ್ದೆಪ್ಪಣ್ಣ ಎದ್ದು ಹೊರಗೆ ಹೋದ ಮೇಲೆ ನನಗೆ ಹೇಳಿದರು.

"ಊರು ನಗಾಕತ್ತೈತಿ. ನಗ್ಲಿ. ಮಷೀನು ತರ್ತೀನಿ. ಆದ್ರ ಎರಡೂ ಇಡಾಕ ಆಗಂಗಿಲ್ಲ. ಕಂಪ್ಯೂಟರ್ ಸಾಲಗುಂದ ಊರವ್ರೊಬ್ರು ಕೇಳ್ಯಾರ. ಕೊಟ್ಟುಬಿಡ್ಲೇನು?"

"ಕೊಡ್ರಿ."

"ನಿನ್ನ ತವರಿಂದು ಅದು. ವಿಚಾರ ಮಾಡಿ ಹೇಳು."

"ಮಾಡೀನ್ರಿ."

ಅವರಿಗೆ ನಂಬಿಕೆ ಬರಲಿಲ್ಲ. ನನ್ನ ಮುಖವನ್ನೇ ನೋಡಿದರು. "ಹೈದರಾಬಾದಿನ್ಯಾಗ ಆ ಅಂಗಡಿಯಂವ ನಿನ್ನ ಜೋಡಿ ಎಷ್ಟು ಮರ್ಯಾದಿಲೆ ಮಾತಾಡಿದ್ದ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಮೋಸಂಬಿಯ ಸಿಪ್ಪೆ ಆಯತೊಡಗಿದೆ.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದರು, "ನಾಟಿ ಶುರು ಆಗ್ತೈತಿ. ಇನ್ನ ಅಂಗಡ್ಯಾಗ ನಿನಗೇನೂ ಕೆಲಸ ಇಲ್ಲಲ್ಲ. ನಿಮ್ಮವ್ವಗ ಆರಾಮಾದ ಕೂಡ್ಲೇ ಸೊಸಿ ವಳಕಮದಿನ್ನಿಗೆ ಬರ್ಲಿ ಅಂತ ನಮ್ಮವ್ವ ಹೇಳ್ಯಾಳ. ಅಲ್ಲಿ ಗಾಳಿ ಬೆಳಕು ಚಲೋ ಐತಿ, ಗ್ಯಾನಿ. ನಿನಗ ಆರಾಮ ಅನಸ್ತೈತಿ." ನನಗೊಂದು ಒಳ್ಳೆಯ ಸುದ್ದಿ ತಂದವರ ಹಾಗೆ ಹೇಳಿದರು.

ನಾನು ಹೂಂ ಎಂದು ತಲೆಯಾಡಿಸಿದೆ.

ಇಷ್ಟು, ಶಂಶಾದ್. ಆಟದ ಮಷೀನು ಬೇಕೆಂದದ್ದು ನಿಜ, ಅದರಲ್ಲಿ ಆಡಬೇಕೆಂದಲ್ಲ. ನಿನ್ನ ಬೈಗುಳಕ್ಕೆ ಬೇಜಾರಿಲ್ಲ. ಬೈಯಲಿಕ್ಕಾದರೂ ನನ್ನನ್ನು ನೆನೆಸಿದೆಯಲ್ಲ. ಅವ್ವ ಚೇತರಿಸಿಕೊಳ್ಳುತ್ತಿದ್ದಾಳೆ, ನಾನು ಆರಾಮಾಗಿದ್ದೇನೆ, ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದೇನೆ. ಚಿಂತೆ ಮಾಡಬೇಡ.

ನಿನ್ನವಳೇ,
ಗ್ಯಾನಿ

ತಾ.ಕ.: ಅಕ್ಷರ ಸೊಟ್ಟಗಾಗಿದ್ದರೆ ಕ್ಷಮಿಸು, ಈ ಕೊನೆಯ ಸಾಲುಗಳನ್ನು ಮಸ್ಕಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬರೆಯುತ್ತಿದ್ದೇನೆ. ನಿನ್ನ ಹೊಲಿಗೆ ಅಂಗಡಿಯ ಪಕ್ಕ ಹೊಸದಾಗಿ ಕಂಪ್ಯೂಟರ್ ತರಗತಿ ತೆರೆದಿದ್ದಾರೆ, ಹುಡುಗಿಯರಿಗೆ ಕಲಿಸಲು ಹೆಂಗಸೊಬ್ಬಳು ಬೇಕಂತೆ, ನೀನು ಬಾ ಎಂದು ಬರೆದಿದ್ದೀಯಲ್ಲ, ಅದನ್ನು ನಾನು ನೋಡಿಲ್ಲವೆಂದುಕೊಳ್ಳಬೇಡ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಪೋಸ್ಟಿಗೆ ಹೋಗಿ ಬರುತ್ತೇನೆಂದು ಬಂದೆ. ಕಾಯಿಪಲ್ಯದ ಚೀಲದಲ್ಲಿ ಎರಡು ಸೀರೆ, ನನ್ನ ಸರ್ಟಿಫಿಕೇಟು ಇವೆ. ಲಿಂಗಸುಗೂರಿನ ಬಸ್ಸು ಎದುರಿಗೇ ನಿಂತಿದೆ. ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದೆ. ಕಂಡಕ್ಟರ್ ಬಾಬುಸಾಬ್, "ಹತ್ತವ್ವಾ, ಹೆಣ್ಮಕ್ಕಳ ಸೀಟು ಖಾಲಿ ಐತಿ" ಎಂದರು. ಅವ್ವನನ್ನು ಮಗ್ಗುಲು ಬದಲಿಸಿ ಮಲಗಿಸುವ ಹೊತ್ತಾಗಿದೆ, ಅತ್ತಿಗೆ ಒಬ್ಬಳ ಕೈಯಲ್ಲಿ ಆಗುವುದಿಲ್ಲ. ಕಾಲು ಇಳಿಸಿದೆ. "ನಾ ಅಲ್ರಿ, ಪತ್ರ ಅಷ್ಟ ಒಯ್ದು ಮುಟ್ಟಸ್ರಿ," ಎಂದೆ, ಬರೆದು ಮುಗಿಸುವವರೆಗೆ ಕಾಯುತ್ತಿದ್ದಾರೆ. ಆ ಕೆಲಸ ನನಗಾಗಿ ಹಿಡಿದಿಡು ಎಂದು ಬರೆಯಲು ಕೈ ಬರುತ್ತಿಲ್ಲ. ಬೇರೆಯವರಿಗೆ ಕೊಟ್ಟುಬಿಡಲಿ ಎಂದು ಬರೆಯಲೂ ಬರುತ್ತಿಲ್ಲ. ಡ್ರೈವರ್ ಹಾರ್ನು ಹೊಡೆಯುತ್ತಿದ್ದಾನೆ.